ಕಳ್ಳಜೇಬು

“ಕಳ್ಳಜೇಬು ಎಷ್ಟು ಉದ್ದ ಇಡ್ಲಿ ಅಕ್ಕಾ?” ಅಂತ ಹನುಮಂತನಗರದ ನಮ್ಮ ಟೈಲರ್ ಕೇಳಿದಾಗ ನಗು ಬಂತು. ಕಳ್ಳರಿಂದ ಕಾಪಾಡಿಕೊಳ್ಳೋಕೆ ಹೊಲಿಸುವ ಜೇಬಿಗೆ ಕಳ್ಳನದೇ ಹೆಸರು. ಕಣ್ಣಿಗೆ ಬೀಳದ ಹಾಗೆ ಇರೋದಕ್ಕೆಲ್ಲ ನಾವು ಇದೇ ಹೆಸರು ಕೊಟ್ಟುಬಿಡುತ್ತೇವೆ ನೋಡಿ. ಕಳ್ಳದಾರಿ, ಕಳ್ಳಹೆಜ್ಜೆ, ಕಳ್ಳನಿದ್ದೆ. ನನ್ನ ಫೋನನ್ನೇ ಇಸಕೊಂಡು ಬಟ್ಟೆ ಮೇಲಿಟ್ಟ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದ, ಮೇಲೆ ಎರಡು ಬೆರಳು ಜಾಗ ಬಿಟ್ಟ. “ಜಿಪ್ ಹಾಕ್ಲಾ?” “ಹಾಕಪ್ಪ.” “ಈಗ ಎಲ್ರೂ ಜಿಪ್ಪೇ ಕೇಳ್ತಾರೆ” ಅಂದ.

ಚೂಡಿದಾರಕ್ಕೆ ಜೇಬು ಹೊಲಿಸಬೇಕು ಅನ್ನೋ ಬುದ್ಧಿ ನನಗೆ 44ನೇ ವಯಸ್ಸಿಗೆ ಬಂತು. ಅದೂ ಪುಕ್ಕಟೆ ಬರಲಿಲ್ಲ, ಒಂದು ಫೋನು ಕೊಟ್ಟು ಕೊಂಡುಕೊಂಡಿದ್ದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮದು ಜಿಪ್ಪಿನ ಬಾಗಿಲು, ಅಷ್ಟೇ.

ಹೋದ ವರ್ಷ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಆವತ್ತು ಕೆ.ಆರ್. ಮಾರ್ಕೆಟ್‌ಗೆ ಹೋಗಿ ಬಂದವರಿಗೆ ನಾನೇನೂ ವಿವರಿಸಬೇಕಾಗಿಲ್ಲ. ಹೂವಿನ ರೇಟು ಗಂಟೆಗೊಂದು. ಕಾಲಿಟ್ಟ ಕಡೆಯೆಲ್ಲ ಮಾವಿನಸೊಪ್ಪು, ಕೆಸರು, ಕೊಳೆತ ಎಲೆ. ಅಕ್ಕಪಕ್ಕದವರ ಮೊಣಕೈ ನಮ್ಮ ಪಕ್ಕೆಲುಬಿನಲ್ಲಿ, ನಮ್ಮದು ಇನ್ನೊಬ್ಬರ ಪಕ್ಕೆಲುಬಿನಲ್ಲಿ. ಮನೆ ಹತ್ತಿರ ಗಾಂಧಿಬಜಾರ್ ಇದ್ದರೂ ನಾನು ಪ್ರತಿವರ್ಷ ಮಾರ್ಕೆಟ್ಟಿಗೇ ಹೋಗೋದು, ನೂರು ರೂಪಾಯಿ ಉಳಿಸಿದೆ ಅನ್ನೋ ಖುಷಿಗೆ. ಆ ವರ್ಷ ಆ ನೂರು ರೂಪಾಯಿ ಎಷ್ಟಕ್ಕೆ ಬಿತ್ತು ಅಂತ ನಮ್ಮ ಮನೆಯವರು ಇನ್ನೂ ಲೆಕ್ಕ ಹೇಳುತ್ತಾರೆ.

ವಾಪಸ್ ಬಸ್ಸು ಹತ್ತುವಾಗ ನನ್ನ ಅವತಾರ ಹೀಗಿತ್ತು. ಎಡಗೈಯಲ್ಲಿ ಆಳುದ್ದದ ಎರಡು ಬಾಳೆಕಂದು. ಬಲಗೈಯಲ್ಲಿ ಹೂವಿನ ಚೀಲ, ಒಳಗಿನ ತಾವರೆ ನಲುಗಬಾರದು ಅಂತ ಎದೆ ಮಟ್ಟಕ್ಕೆ ಎತ್ತಿ ಹಿಡಿದಿದ್ದೆ. ಹೆಗಲಲ್ಲಿ ಹ್ಯಾಂಡ್‌ಬ್ಯಾಗು, ಅದರ ಹೊರಗಡೆಯ ಖಾನೆಯಲ್ಲಿ ಫೋನು. ಆ ಖಾನೆಗೆ ಜಿಪ್ ಇರಲಿಲ್ಲ, ಟಪ್ ಅಂತ ಕೂರುವ ಮ್ಯಾಗ್ನೆಟ್ ಗುಂಡಿ ಒಂದಿತ್ತು. ಅಂದರೆ ನಾನು ಮೈಯೆಲ್ಲ ಕಣ್ಣಾಗಿ ಕಾಯುತ್ತಿದ್ದದ್ದು ಎರಡು ತಾವರೆ ಹೂವನ್ನ.

ಫುಟ್‌ಬೋರ್ಡಿನ ಮೇಲೆ ನನ್ನ ಮುಂದಿದ್ದ ಹೆಂಗಸು ಇದ್ದಕ್ಕಿದ್ದ ಹಾಗೆ ನಿಂತುಬಿಟ್ಟಳು. “ಬನಶಂಕರಿಗೆ ಹೋಗುತ್ತಾ?” ಅಂತ ಒಳಗಡೆ ಕೇಳುತ್ತಾ ಅಲ್ಲೇ ನಿಂತಳು. ಹಿಂದಿನಿಂದ ಎರಡು ಮೂರು ಜನ ಒತ್ತಿದರು. ನಾನು ಮಧ್ಯೆ, ಬಾಳೆಕಂದಿನ ಸಮೇತ. ಒಂದು ಹತ್ತು ಸೆಕೆಂಡು ಇರಬಹುದು. ಆಮೇಲೆ ಆಕೆ “ಹೋಗಲ್ವಾ?” ಅಂದು, ನನ್ನನ್ನು ಒರೆಸಿಕೊಂಡೇ ಇಳಿದು ಹೋದಳು. ಹಿಂದೆ ಒತ್ತುತ್ತಿದ್ದವರೂ ಹತ್ತಲಿಲ್ಲ. ಪಾಪ, ಬಸ್ಸು ತಪ್ಪಿಹೋಯ್ತೇನೋ ಅಂತ ನಾನು ಮರುಗಿದೆ ಬೇರೆ!

ಇದು ಹಳೇ ವಿದ್ಯೆ ಅಂತ ಆಮೇಲೆ ಸ್ಟೇಷನ್ನಿನಲ್ಲಿ ಹೇಳಿದರು. ಒಬ್ಬರು ಮುಂದೆ ತಡೆಯೋದು, ಒಬ್ಬರು ಹಿಂದೆ ಒತ್ತೋದು, ಮೂರನೆಯವರು ತೆಗೆಯೋದು, ತೆಗೆದದ್ದನ್ನ ನಾಲ್ಕನೆಯವರಿಗೆ ದಾಟಿಸೋದು. ತೆಗೆದವರನ್ನು ಅಲ್ಲೇ ಹಿಡಿದರೂ ಅವರ ಹತ್ತಿರ ಮಾಲು ಇರೋದೇ ಇಲ್ಲ. ಬಸ್ಸಿನ ಒಳಗೆ ಕೂತಾಗಲ್ಲ, ಹತ್ತುವಾಗ ಇಳಿಯುವಾಗಲೇ ಜಾಸ್ತಿ ಕಳುವಾಗೋದು ಅಂದರು. ಸರಿಯೇ. ಹತ್ತುವಾಗ ಒಂದು ಕೈ ಕಂಬಿಗೆ, ಒಂದು ಕೈ ಚೀಲಕ್ಕೆ, ಕಣ್ಣು ಖಾಲಿ ಸೀಟಿಗೆ. ಫೋನಿಗೆ ಅಂತ ಏನೂ ಉಳಿಯೋದಿಲ್ಲ.

ಗೊತ್ತಾಗಿದ್ದು ಮಕ್ಕಳ ಕೂಟದ ಸ್ಟಾಪಿನ ಹತ್ತಿರ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ, ಕಂಡಕ್ಟರ್ ಬಂದರು ಅಂತ ಆಧಾರ್ ಕಾರ್ಡಿಗೆ ಬ್ಯಾಗಿನೊಳಗೆ ಕೈ ಹಾಕಿದೆ. ಆಧಾರ್ ಇತ್ತು. ಹೊರಗಿನ ಖಾನೆ ಮುಟ್ಟಿದೆ, ಚಪ್ಪಟೆ. ಆ ಚಪ್ಪಟೆ ಬಟ್ಟೆಯ ಮೇಲೆ ಕೈ ಆಡಿಸಿದ್ದು ಈಗಲೂ ಬೆರಳಿಗೆ ನೆನಪಿದೆ. ಎಷ್ಟು ಸಲ ಮುಟ್ಟಿದೆನೋ, ಮುಟ್ಟುತ್ತಾ ಇದ್ದರೆ ಎಲ್ಲಿಂದಲೋ ಬಂದುಬಿಡುತ್ತೆ ಅನ್ನೋ ಹಾಗೆ.

ಇಲ್ಲಿಂದ ಮುಂದಿನದನ್ನು ಬರೆಯೋಕೆ ಮುಜುಗರ. ಆದರೆ ಈ ಬರಹ ಇರೋದೇ ಅದಕ್ಕೆ.

“ನನ್ ಫೋನ್ ಇಲ್ಲ” ಅಂತ ಕೂಗಿಕೊಂಡೆ. ಕಂಡಕ್ಟರ್ ವಿಶಲ್ ಹಾಕಿ ಬಸ್ಸು ನಿಲ್ಲಿಸಿದರು. ಪಕ್ಕದ ಸೀಟಿನ ಅಜ್ಜಿ ನನ್ನ ಕೈ ಜಗ್ಗಿ, ಸಣ್ಣ ದನಿಯಲ್ಲಿ, “ಆ ಹುಡುಗ ನಿನ್ನ ಹಿಂದೇನೇ ಹತ್ತಿದ್ದು ಕಣಮ್ಮಾ” ಅಂದರು. ತಿರುಗಿ ನೋಡಿದೆ. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಉಗುರಿನ ಸಂದಿಯಲ್ಲೆಲ್ಲ ಗ್ರೀಸು, ಬಣ್ಣ ಹೋದ ಟೀ ಶರ್ಟು, ಹೆಗಲಿಗೆ ಒಂದು ಕಪ್ಪು ಬ್ಯಾಗು. ನಾನು ಬಾಯಿಬಿಟ್ಟು ಏನೂ ಹೇಳಲಿಲ್ಲ. ನೋಡಿದೆ, ಅಷ್ಟೇ. ಆದರೆ ಆ ನೋಟ ಬಸ್ಸಿಗೆಲ್ಲ ಅರ್ಥವಾಯಿತು. ಇಬ್ಬರು ಗಂಡಸರು ಎದ್ದು “ಏಯ್, ಬ್ಯಾಗ್ ಬಿಚ್ಚೋ” ಅಂದರು.

ಅವನು ಎದುರು ಮಾತಾಡಲಿಲ್ಲ. ಬ್ಯಾಗು ಇಳಿಸಿ, ಒಂದೊಂದೇ ತೆಗೆದು ತೋರಿಸಿದ. ಟಿಫನ್ ಡಬ್ಬಿ. ಮಡಿಸಿದ ಶರ್ಟು. ಒಂದು ಸ್ಪ್ಯಾನರ್. ಪೇಪರಿನಲ್ಲಿ ಸುತ್ತಿದ ಮಲ್ಲಿಗೆ, ಎರಡು ಮೊಳ ಇರಬಹುದು. ಟಿಫನ್ ಡಬ್ಬಿಯ ಮುಚ್ಚಳವನ್ನೂ ಯಾರೂ ಕೇಳದೆ ತಾನೇ ತೆಗೆದ. ಅದನ್ನ ತೆಗೆದ ರೀತಿ ನೋಡಿದರೆ ಇಂಥ ಬಸ್ಸಿನಲ್ಲಿ ಅವನಿಗೆ ಅದು ಮೊದಲನೇ ಸಲ ಆಗಿರಲಿಲ್ಲ ಅನ್ನಿಸಿತು.

ಎಲ್ಲ ವಾಪಸ್ ತುಂಬಿಕೊಂಡ ಮೇಲೆ, “ಅಕ್ಕಾ, ನಂಬರ್ ಹೇಳಿ, ರಿಂಗ್ ಕೊಡ್ತೀನಿ” ಅಂದ. ಕೊಟ್ಟ. ಸ್ವಿಚ್ ಆಫ್. “ಮನೆಗೆ ಮಾಡ್ತೀರಾ?” ಅಂತ ಫೋನನ್ನೇ ಕೈಗೆ ಕೊಟ್ಟ. ಮನೆಯವರ ನಂಬರ್ ನೆನಪಾಗಲಿಲ್ಲ. ಹದಿನೆಂಟು ವರ್ಷದ ಸಂಸಾರ, ಗಂಡನ ನಂಬರಿನಲ್ಲಿ ಮೊದಲ ನಾಲ್ಕು ಅಂಕಿ ಬಿಟ್ಟು ಮುಂದಕ್ಕೆ ಹೋಗಲಿಲ್ಲ. ಬಾಯಿಗೆ ಬಂದಿದ್ದು ಅಮ್ಮನ ನಂಬರ್ ಒಂದೇ, ಅದನ್ನ ಅವಳು ಇವತ್ತಿಗೂ ಬದಲಾಯಿಸಿಲ್ಲ. ಅವನಿಗೆ ಥ್ಯಾಂಕ್ಸ್ ಅಂದೆ. ರಾಮಕೃಷ್ಣ ಆಶ್ರಮದ ಸ್ಟಾಪಿನಲ್ಲಿ ಇಳಿದ. ಸಾರಿ ಅನ್ನಬೇಕಿತ್ತು ಅಂತ ಹೊಳೆದದ್ದು ರಾತ್ರಿ ಮಂಟಪಕ್ಕೆ ಬಾಳೆಕಂದು ಕಟ್ಟುವಾಗ.

ಫೋನ್ ಹೋದ ಮೊದಲ ಒಂದು ಗಂಟೆ ಗೋಳಾಡೋಕಲ್ಲ ಅಂತ ಈಗ ಗೊತ್ತು. ಮೊದಲು ಸಿಮ್ ಬ್ಲಾಕ್ ಮಾಡಿಸಬೇಕು. ಫೋನಿಗೆ ಎಂಥ ಲಾಕ್ ಇದ್ದರೂ ಸಿಮ್ಮನ್ನು ತೆಗೆದು ಬೇರೆ ಫೋನಿಗೆ ಹಾಕಿಕೊಂಡರೆ ಒಟಿಪಿಗಳೆಲ್ಲ ಅಲ್ಲಿಗೆ ಹೋಗುತ್ತವೆ. ಆಮೇಲೆ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಬೇಕು. ದುಡ್ಡು ಹೋಗಿದೆ ಅಂತ ಗೊತ್ತಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ನಾವು ಮಾಡಿದ್ದು ತಿರುಗಾಮುರುಗಾ. ಮೊದಲು ಅತ್ತೆ, ಆಮೇಲೆ ಎರಡು ಮನೆಯ ನೆಂಟರು, ಆಮೇಲೆ ಸಿಮ್. ದೇವರು ದೊಡ್ಡವನು, ದುಡ್ಡು ಹೋಗಲಿಲ್ಲ.

ಸ್ಟೇಷನ್ನಿಗೆ ಹೋದೆವು. ಯಾವ ಸ್ಟೇಷನ್ ಅನ್ನೋದು ಬೇಡ. “ಕಳೆದುಹೋಗಿದೆ ಅಂತ ಬರೀರಿ ಮೇಡಂ, ಬೇಗ ಆಗುತ್ತೆ” ಅಂದರು. ಸುಸ್ತಾಗಿತ್ತು, ಮನೆಯಲ್ಲಿ ಕಲಶ ಕೂರಿಸೋದಿತ್ತು, ಬರೆದುಕೊಟ್ಟೆ. ರಾತ್ರಿ ಮಲಗಿದಾಗ ಆ ಪದ ಚುಚ್ಚೋಕೆ ಶುರುವಾಯಿತು. ಕಳೆದುಹೋಯಿತು ಅಂದರೆ ಕಳೆದುಕೊಂಡವಳು ನಾನು. ಕಳುವಾಯಿತು ಅಂದರೆ ಕದ್ದವರು ಯಾರೋ ಇದ್ದಾರೆ. ಕಾನೂನಿಗೂ ಎರಡೂ ಒಂದಲ್ಲ. ರಾಜ್ಯದ ಪೊಲೀಸರ ಇ-ಲಾಸ್ಟ್ ಆಪ್ ಇರೋದು ಕಳೆದುಹೋದ ವಸ್ತುಗಳಿಗೆ, ಕಳ್ಳತನಕ್ಕೆ ಎಫ್‌ಐಆರ್ ಆಗಬೇಕು. 2024ರ ಜುಲೈ 1ರಿಂದ ಬಂದಿರೋ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನಕ್ಕೆ 303ನೇ ಸೆಕ್ಷನ್, ಕಿತ್ತುಕೊಂಡು ಓಡೋದಕ್ಕೆ ಅಂತಲೇ ಬೇರೆ 304ನೇ ಸೆಕ್ಷನ್. ದೂರನ್ನು ಆನ್‌ಲೈನಿನಲ್ಲಿ ಕೊಟ್ಟರೂ ನಡೆಯುತ್ತೆ, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಹಬ್ಬ ಮುಗಿಸಿ ಮತ್ತೆ ಹೋದೆ. ಕಳುವಾಗಿದೆ ಅಂತ ಬರೆದುಕೊಟ್ಟೆ. ಇದರಿಂದ ಫೋನೇನೂ ಸಿಗಲಿಲ್ಲ, ನಿದ್ದೆ ಮಾತ್ರ ಬಂತು.

ಫೋನನ್ನೇ ಬ್ಲಾಕ್ ಮಾಡಿಸೋ ಸರ್ಕಾರದ ಪೋರ್ಟಲ್ ಒಂದಿದೆ, ಸಿಇಐಆರ್ ಅಂತ. 2023ರ ಮೇನಿಂದ ದೇಶಕ್ಕೆಲ್ಲ ಬಂದಿದೆ. ದೂರಿನ ಪ್ರತಿ, ಫೋನಿನ 15 ಅಂಕಿಯ ಗುರುತಿನ ಸಂಖ್ಯೆ, ಅಂದರೆ ಐಎಂಇಐ ನಂಬರ್ ಕೊಟ್ಟರೆ ಆ ಫೋನು ಭಾರತದ ಯಾವ ನೆಟ್‌ವರ್ಕಿನಲ್ಲೂ ಕೆಲಸ ಮಾಡದ ಹಾಗೆ ಮಾಡುತ್ತಾರೆ. ಯಾರಾದರೂ ಅದಕ್ಕೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಹೋಗುತ್ತೆ. ಒಟಿಪಿ ಬರಬೇಕಲ್ಲ, ಅದಕ್ಕೆ ಅಷ್ಟರೊಳಗೆ ಅದೇ ನಂಬರಿಗೆ ಹೊಸ ಸಿಮ್ ತೆಗೆದುಕೊಂಡಿರಬೇಕು. ಐಎಂಇಐ ಎಲ್ಲಿ ಸಿಗುತ್ತೆ? ಕೈಯಲ್ಲಿ ಫೋನ್ ಇದ್ದಾಗ *#06# ಒತ್ತಿದರೆ ಬರುತ್ತೆ. ಫೋನೇ ಹೋದ ಮೇಲೆ ಬಿಲ್ಲಿನಲ್ಲಿ, ಇಲ್ಲ ಡಬ್ಬದ ಮೇಲೆ. ಬಿಲ್ಲು ಎಲ್ಲಿದೆಯೋ ಶಿವನೇ ಬಲ್ಲ. ಡಬ್ಬ ಸಿಕ್ಕಿತು. ಅಮ್ಮ ಅದರಲ್ಲಿ ಸೂಜಿ, ದಾರ, ಕಿತ್ತುಹೋದ ಗುಂಡಿ ಎಲ್ಲ ಹಾಕಿಟ್ಟಿದ್ದಳು. “ಗಟ್ಟಿ ಡಬ್ಬ ಕಣೇ, ಎಸೀಬೇಡ ಅಂತ ನಾನೇ ಹೇಳಿದ್ದೆ” ಅಂತ ಎರಡು ದಿನ ಹೇಳಿದಳು.

ಅಮ್ಮನಿಗೆ 72. ಕುಣಿಗಲ್ ಕಡೆಯವಳು. ಇಷ್ಟು ವರ್ಷದಲ್ಲಿ ಅವಳದ್ದು ಒಂದು ರೂಪಾಯಿ ಕಳುವಾಗಿದ್ದು ನಾನು ಕೇಳಿಲ್ಲ. ಅವಳ ಲೆಕ್ಕಾಚಾರ ಚಿಕ್ಕಂದಿನಿಂದ ನೋಡಿದ್ದೇನೆ, ನೋಡಿ ನಕ್ಕಿದ್ದೇನೆ. ಸೆರಗಿನ ತುದಿಯ ಗಂಟಿನಲ್ಲಿ ಚಿಲ್ಲರೆ. ಕೈಚೀಲದ ಪರ್ಸಿನಲ್ಲಿ ಒಂದಿಷ್ಟು. ದೊಡ್ಡ ನೋಟು ರವಿಕೆಯೊಳಗೆ, ಸಣ್ಣ ಬಟ್ಟೆ ಪರ್ಸಿನಲ್ಲಿ. ಕಳ್ಳನಿಗೆ ಒಂದು ಸಿಕ್ಕಿದರೂ ಇನ್ನೆರಡು ನಮ್ಮದೇ. ನಮ್ಮ ತಾತ ಇನ್ನೂ ಗಟ್ಟಿ ಆಸಾಮಿ. ಸಿದ್ಧಗಂಗೆ ಜಾತ್ರೆಯಲ್ಲಿ ಎತ್ತು ಮಾರಿದ ದುಡ್ಡನ್ನು ಪಂಚೆಯ ಒಳಗೆ, ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿಟ್ಟು, ಮೇಲೆ ಪಿನ್ನು ಚುಚ್ಚಿಕೊಂಡು ಬರುತ್ತಿದ್ದರಂತೆ. ದುಡ್ಡು ತೆಗೀಬೇಕು ಅಂದರೆ ಗೋಡೆ ಕಡೆ ತಿರುಗಿ ನಿಲ್ಲಬೇಕು. ಅವರು ಗೋಡೆ ಹುಡುಕೋಕೆ ಶುರು ಮಾಡಿದರೆ ಇವತ್ತು ಏನೋ ಕೊಡಿಸ್ತಾರೆ ಅಂತ ಮಕ್ಕಳಿಗೆ ಗೊತ್ತಾಗೋದಂತೆ.

ನಾನೋ, ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದ್ದೆ. ದುಡ್ಡು, ಬ್ಯಾಂಕು, ಮಗಳ ಸ್ಕೂಲಿನ ಫೀಸಿನ ರಸೀತಿ, ಅಪ್ಪನ ಕೊನೇ ಫೋಟೋಗಳು, ಗಂಡನ ನಂಬರು, ಎಲ್ಲ ಅದರಲ್ಲೇ. ಆ ಗಂಟಿಗೆ ಒಂದು ಮ್ಯಾಗ್ನೆಟ್ ಗುಂಡಿಯ ಕಾವಲು.

ಇನ್ನೊಂದು ವಿಷಯ. ಮೆಜೆಸ್ಟಿಕ್ಕಿನಲ್ಲೋ ಜಾತ್ರೆಯಲ್ಲೋ ಮೈಕಿನಲ್ಲಿ ಕೂಗುತ್ತಿರುತ್ತಾರಲ್ಲ, ಜೇಬುಗಳ್ಳರಿದ್ದಾರೆ, ನಿಮ್ಮ ಪರ್ಸು, ಮೊಬೈಲು, ಒಡವೆ ಜೋಪಾನ ಅಂತ. ಆಗ ನಿಮ್ಮ ಕೈಯನ್ನು ನೀವೇ ಗಮನಿಸಿ. ಸೀದಾ ಅಲ್ಲಿಗೇ ಹೋಗುತ್ತೆ. ಗಂಡಸರದ್ದು ಹಿಂದಿನ ಜೇಬಿಗೆ, ಹೆಂಗಸರದ್ದು ಕುತ್ತಿಗೆಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ, ಇಲ್ಲಿ ಹೆಗಲು ಮುಟ್ಟಿಕೊಳ್ಳೋನು ಕುಂಬಳಕಾಯಿಯ ಯಜಮಾನ. ನೋಡುತ್ತಾ ನಿಂತ ಕಳ್ಳನಿಗೆ ಹುಡುಕೋ ಕೆಲಸವೇ ಇಲ್ಲ, ಎಲ್ಲೆಲ್ಲಿ ಏನಿದೆ ಅಂತ ನಾವೇ ತೋರಿಸಿಕೊಟ್ಟಿರುತ್ತೇವೆ. ಅಮ್ಮ ಮಾತ್ರ ಮುಟ್ಟಿಕೊಳ್ಳಲ್ಲ. ಗಮನಿಸಿದ್ದೇನೆ. ಗಂಟು ಬಿಗಿಯಾಗಿದೆ ಅಂತ ಅವಳಿಗೆ ಗೊತ್ತಿರುತ್ತೆ.

ಕೈಚಳಕಕ್ಕಿಂತ ನನಗೆ ಭಯ ಆಗೋದು ಬಾಯಿಚಳಕ. ನಮ್ಮ ಬೀದಿಯ ಒಬ್ಬ ಅಜ್ಜಿ ಬೆಳಗ್ಗೆ ದೇವಸ್ಥಾನಕ್ಕೆ ಹೊರಟಿದ್ದರು. ಇಬ್ಬರು ಟಿಪ್‌ಟಾಪಾಗಿ ಬಂದು, “ನಾವು ಪೊಲೀಸ್ನೋರು ಅಜ್ಜಿ. ಮುಂದಿನ ರೋಡಲ್ಲಿ ಈಗಷ್ಟೇ ಸರ ಕಿತ್ಕೊಂಡು ಹೋದ್ರು. ಇಷ್ಟು ಒಡವೆ ಹಾಕ್ಕೊಂಡು ಓಡಾಡ್ತೀರಲ್ಲ, ಬಿಚ್ಚಿ ಪೇಪರಲ್ಲಿ ಕಟ್ಟಿಟ್ಕೊಳಿ” ಅಂದರಂತೆ. ಬೈದರಂತೆ ಕೂಡ, ಮಕ್ಕಳು ಬೈಯೋ ಹಾಗೆ. ಅಜ್ಜಿ ಬಿಚ್ಚಿದರು. ಅವರೇ ಪೊಟ್ಟಣ ಕಟ್ಟಿ ಕೈಗಿಟ್ಟರು. ಮನೆಗೆ ಬಂದು ಬಿಚ್ಚಿದರೆ ಜಲ್ಲಿಕಲ್ಲು. ಅಜ್ಜಿ ಅಳಲಿಲ್ಲ, “ಎಷ್ಟು ಕಾಳಜಿಯಿಂದ ಬೈದ್ರು ಕಣೇ” ಅಂತ ಅದನ್ನೇ ಹೇಳುತ್ತಿದ್ದರು. ನಿಜವಾದ ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ ಯಾರ ಒಡವೆಯನ್ನೂ ಬಿಚ್ಚಿಸೋದಿಲ್ಲ. ಇದೊಂದನ್ನ ನಿಮ್ಮ ಮನೆಯ ಹಿರಿಯರಿಗೆ ಇವತ್ತೇ ಹೇಳಿಬಿಡಿ. ಹಾಗೇ “ನಿಮ್ಮ ದುಡ್ಡು ಬಿದ್ದಿದೆ”, “ನಿಮ್ಮ ಶರ್ಟ್ ಮೇಲೆ ಏನೋ ಗಲೀಜು” ಅಂತ ಯಾರಾದರೂ ಅಕ್ಕರೆ ತೋರಿಸಿದರೆ, ಬಗ್ಗಿ ನೋಡುವ ಮೊದಲು ಬ್ಯಾಗನ್ನು ಮುಂದಕ್ಕೆ ಎಳೆದುಕೊಳ್ಳಿ. ಬ್ಯಾಂಕಿನಿಂದ ದುಡ್ಡು ತಂದು ಸ್ಕೂಟರ್ ಡಿಕ್ಕಿಯಲ್ಲಿಟ್ಟು, ಇಲ್ಲೇ ಒಂದು ಕಾಫಿ ಕುಡಿದು ಬರ್ತೀನಿ ಅನ್ನೋರಿಗೆ ಏನು ಹೇಳೋದು, ನಮ್ಮ ಭಾವನೇ ಒಬ್ಬರು.

ಸರದ ವಿಷಯದಲ್ಲಿ ನನ್ನ ಅಭಿಪ್ರಾಯ ಒಂದೇ. ಬೈಕಿನಲ್ಲಿ ಬಂದು ಕಿತ್ತರೆ ಬಿಟ್ಟುಬಿಡಿ. ಹಿಡಿದು ಜಗ್ಗಾಡಿ ಬಿದ್ದವರ ಕುತ್ತಿಗೆ, ತಲೆ ನೋಡಿದರೆ ಆ ಬಂಗಾರ ಬೇಡ ಅನ್ನಿಸುತ್ತೆ.

ಈಗ ನನ್ನ ಹೊಸ ಫೋನಿನಲ್ಲಿ ಸಿಮ್ಮಿಗೇ ಪಿನ್ ಇದೆ. ಬೇರೆ ಫೋನಿಗೆ ಹಾಕಿದರೂ ಅದು ಪಿನ್ ಕೇಳುತ್ತೆ, ಮೂರು ಸಲ ತಪ್ಪಾದರೆ ಲಾಕ್ ಆಗುತ್ತೆ. ಸೆಟ್ಟಿಂಗ್ಸಿನಲ್ಲಿ ಎಲ್ಲರಿಗೂ ಇರೋದೇ, ಯಾರೂ ಹಾಕಿಕೊಳ್ಳಲ್ಲ. ಲಾಕ್ ಆದ ಪರದೆಯ ಮೇಲೆ ಮೆಸೇಜು ಕಾಣದ ಹಾಗೆ ಮಾಡಿದ್ದೇನೆ. ಇಲ್ಲದಿದ್ದರೆ ಬೀಗ ಹಾಕಿದ ಮನೆಯ ಕಿಟಕಿಯಿಂದ ಒಟಿಪಿ ಓದಿದ ಹಾಗೆ. ಡೆಬಿಟ್ ಕಾರ್ಡು ಸುಮ್ನೆ ತಾಗಿಸಿದರೆ 5000 ರೂಪಾಯಿವರೆಗೂ ಪಿನ್ ಇಲ್ಲದೆ ದುಡ್ಡು ಹೋಗುತ್ತಲ್ಲ, ಅದನ್ನ ಬ್ಯಾಂಕಿನ ಆಪಿನಲ್ಲಿ ಆಫ್ ಮಾಡಿದೆ. ಈಚಿನ ಆಂಡ್ರಾಯ್ಡ್ ಫೋನುಗಳಲ್ಲಿ, ಯಾರಾದರೂ ಕಿತ್ತುಕೊಂಡು ಓಡಿದರೆ ಆ ಎಳೆತ ಗೊತ್ತಾಗಿ ತಾನೇ ಲಾಕ್ ಆಗುವ ವ್ಯವಸ್ಥೆ ಬಂದಿದೆ, ಅದನ್ನ ಮಗಳು ಹಾಕಿಕೊಟ್ಟಳು. ಆಟೋದಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಫೋನ್ ಮಾತಾಡುತ್ತಿದ್ದರೆ ಎಷ್ಟೋ ಸಲ ಅದು ಲಾಕ್ ತೆಗೆದಿರೋ ಫೋನು. ಎಲ್ಲಕ್ಕಿಂತ ಅದೇ ಅಪಾಯ, ಹಾಗಾಗಿ ಆಟೋದಲ್ಲಿ ನಾನೀಗ ಮೌನಗೌರಿ. ಗಂಡನ ನಂಬರನ್ನು ಮಗ್ಗಿ ಹೇಳಿಕೊಂಡ ಹಾಗೆ ಒಂದು ವಾರ ಹೇಳಿಕೊಂಡೆ. ಅವರಿಗೆ ನನ್ನದು ಬರುತ್ತಾ ಅಂತ ಇನ್ನೂ ಕೇಳಿಲ್ಲ, ಜಗಳ ಯಾಕೆ ಅಂತ.

ಇಷ್ಟೆಲ್ಲ ಆದರೂ ಫೋನ್ ಹೋದ ಮೇಲೆ ಆರು ತಿಂಗಳು ನಾನು ಕಣ್ಣಿನಲ್ಲೇ ಕಾವಲು ಕಾಯುತ್ತಿದ್ದೆ. ಬಸ್ಸು ಹತ್ತಿದರೆ ಮೊದಲು ಕಪ್ಪು ಬ್ಯಾಗಿನ ಹುಡುಗರು ಎಲ್ಲಿದ್ದಾರೆ ನೋಡೋದು. ಉಗುರು ನೋಡೋದು. ಇಸ್ತ್ರಿ ಮಾಡಿದ ಶರ್ಟಿನವರು ಪಕ್ಕ ನಿಂತರೆ ನೆಮ್ಮದಿ. ನನ್ನ ಮುಂದೆ ಮೆಟ್ಟಿಲ ಮೇಲೆ ನಿಂತು ದಾರಿ ತಡೆದಿದ್ದ ಹೆಂಗಸು ಉಟ್ಟಿದ್ದು ಒಳ್ಳೇ ಸೀರೆ. ಕಿವಿಯಲ್ಲಿ ಓಲೆ, ಹಣೆಯಲ್ಲಿ ಕುಂಕುಮ, ನನ್ನ ಚಿಕ್ಕಮ್ಮನ ಹಾಗೇ ಇದ್ದಳು. ಅದು ಗೊತ್ತಿದ್ದೂ ನಾನು ಹುಡುಗರ ಉಗುರೇ ನೋಡುತ್ತಿದ್ದೆ.

ಕಂಡವರೆಲ್ಲ ಕೇಳುತ್ತಿದ್ದ ಪ್ರಶ್ನೆಯೂ ಒಂದು ಕಾರಣ ಅನ್ನಿಸುತ್ತೆ. “ನೋಡ್ಕೋಬಾರದಿತ್ತಾ?” ಆಫೀಸಿನಲ್ಲಿ, ಮದುವೆ ಮನೆಯಲ್ಲಿ, ಲಿಫ್ಟಿನಲ್ಲಿ. ಕದ್ದವರ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ನೋಡ್ಕೊಳ್ಳಬೇಕಿತ್ತು ಅಂತ ನೂರು ಸಲ ಕೇಳಿಸಿಕೊಂಡವಳು ಇನ್ನೇನು ಮಾಡುತ್ತಾಳೆ, ಎಲ್ಲರನ್ನೂ ನೋಡುತ್ತಾ ಕೂರುತ್ತಾಳೆ.

ಕಳ್ಳಜೇಬು ಬಂದ ಮೇಲೆ ಅದು ತಾನಾಗೇ ಕಡಿಮೆ ಆಯಿತು. ಫೋನು ಟಾಪಿನ ಒಳಗೆ, ಸೊಂಟಕ್ಕೆ ತಾಗಿಕೊಂಡು ಇರುತ್ತೆ. ಅಲ್ಲಿದೆ ಅಂತ ಮೈಗೇ ಗೊತ್ತಾಗುತ್ತೆ, ಮುಟ್ಟಿ ನೋಡೋದೂ ಬೇಡ. ಮೊನ್ನೆ ಬಸ್ಸಿನಲ್ಲಿ ಚಾಮರಾಜಪೇಟೆ ದಾಟುವವರೆಗೂ ಕಿಟಕಿಯಾಚೆ ನೋಡುತ್ತಾ ಬಂದೆ. ಪಕ್ಕದಲ್ಲಿ ಯಾರು ನಿಂತಿದ್ದರು ಅಂತ ಇಳಿದ ಮೇಲೆ ನೆನಪಿಸಿಕೊಂಡರೂ ನೆನಪಾಗಲಿಲ್ಲ. ರಾಮಕೃಷ್ಣ ಆಶ್ರಮದ ಸ್ಟಾಪು ಬಂದರೆ ಮಾತ್ರ ಈಗಲೂ ಇಳಿಯುವವರ ಕಡೆ ಕಣ್ಣು ಹೋಗುತ್ತೆ. ಅದು ಬೇರೆ ಕಾರಣಕ್ಕೆ.

ಕಾರ್ತಿಕದ ಕೊನೇ ಸೋಮವಾರ ಅಮ್ಮನನ್ನು ಕರೆದುಕೊಂಡು ಕಡಲೆಕಾಯಿ ಪರಿಷೆಗೆ ಹೋಗಿದ್ದೆ. ದೊಡ್ಡ ಬಸವಣ್ಣನ ಗುಡಿ ಮುಂದೆ ಕಾಲಿಡೋಕೆ ಜಾಗ ಇಲ್ಲ. ಮೈಕಿನಲ್ಲಿ ಜೇಬುಗಳ್ಳರ ಬಗ್ಗೆ ಕೂಗುತ್ತಲೇ ಇದ್ದರು, ಜನ ಮುಟ್ಟಿಕೊಳ್ಳುತ್ತಲೇ ಇದ್ದರು. ಎರಡು ಸೇರು ಕಡಲೆಕಾಯಿ ಅಳೆಸಿ, ದುಡ್ಡು ಕೊಡೋಕೆ ಫೋನು ತೆಗೆಯಬೇಕಲ್ಲ, ಜಿಪ್ ಇರೋದು ಟಾಪಿನ ಒಳಗೆ. ಅತ್ತಿತ್ತ ನೋಡಿ, ಪಕ್ಕದ ಕಾಂಪೌಂಡ್ ಕಡೆ ತಿರುಗಿ ನಿಂತು, ಟಾಪು ಸ್ವಲ್ಪ ಎತ್ತಿ, ಜಿಪ್ ಎಳೆದೆ. ಸ್ಕ್ಯಾನ್ ಮಾಡಿದೆ. ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಅಷ್ಟು ಜನರ ಮಧ್ಯೆ ನೆಟ್‌ವರ್ಕ್ ಎಲ್ಲಿ ಬರಬೇಕು.

ಅಮ್ಮ ಆಗಲೇ ಸೆರಗಿನ ಗಂಟು ಬಿಚ್ಚುತ್ತಿದ್ದಳು. ಹಲ್ಲಿನಲ್ಲಿ ಒಂದು ತುದಿ ಕಚ್ಚಿಕೊಂಡೇ ನಕ್ಕಳು.

“ಗೋಡೆ ಕಡೆ ತಿರುಗಿದ್ಯಲ್ಲೇ. ಥೇಟ್ ನಿಮ್ ತಾತ.”